ಮೂರು ಪತ್ರ, 46 ನ್ಯಾಯಾಧೀಶರು: ಒಂದು ಕ್ಲರ್ಕ್‌ಶಿಪ್ ಅರ್ಜಿಯ ಪ್ರಕರಣ ಅಧ್ಯಯನ

ಅಮೆರಿಕದ ಫೆಡರಲ್ ನ್ಯಾಯಾಧೀಶರ ಚೇಂಬರ್ ಎಂದರೆ ನಾಲ್ಕೈದು ಜನರ ಲೋಕ. ಜಿಲ್ಲಾ ನ್ಯಾಯಾಲಯದಲ್ಲಾದರೆ ನ್ಯಾಯಾಧೀಶರು, ಎರಡು ಮೂರು ಲಾ ಕ್ಲರ್ಕ್‌ಗಳು, ಕೆಲವೆಡೆ ಒಬ್ಬ ಸಹಾಯಕರು. ಮೇಲ್ಮನವಿ ನ್ಯಾಯಾಲಯದಲ್ಲಾದರೆ ಕ್ಲರ್ಕ್‌ಗಳೇ ನಾಲ್ವರವರೆಗೆ ಇರುತ್ತಾರೆ. ಲಾ ಸ್ಕೂಲ್ ಮುಗಿಸಿದ ಹೊಸಬರು ಒಂದೋ ಎರಡೋ ವರ್ಷ ಇಲ್ಲಿದ್ದು ಕಾನೂನು ಸಂಶೋಧನೆ ಮಾಡುತ್ತಾರೆ, ವಿಚಾರಣೆಗೆ ಮುನ್ನ ನ್ಯಾಯಾಧೀಶರಿಗಾಗಿ ಪ್ರಕರಣದ ಟಿಪ್ಪಣಿ (ಬೆಂಚ್ ಮೆಮೊ) ಬರೆಯುತ್ತಾರೆ, ತೀರ್ಪಿನ ಕರಡು ಸಿದ್ಧಪಡಿಸುತ್ತಾರೆ. ಭಾರತದ ಸುಪ್ರೀಂ ಕೋರ್ಟ್ ತನ್ನ ಲಾ ಕ್ಲರ್ಕ್‌ಗಳನ್ನು ಲಿಖಿತ ಪರೀಕ್ಷೆ ಮತ್ತು ಸಂದರ್ಶನದಿಂದ ಆರಿಸುತ್ತದೆ. ಅಮೆರಿಕದಲ್ಲಿ ಅಂಥ ಪರೀಕ್ಷೆ ಇಲ್ಲ. ಒಬ್ಬೊಬ್ಬ ನ್ಯಾಯಾಧೀಶರೂ ತಮಗೆ ಬೇಕಾದವರನ್ನು ತಾವೇ ಆರಿಸಿಕೊಳ್ಳುತ್ತಾರೆ. ದಿನವಿಡೀ ಒಂದೇ ಸೂರಿನಡಿ ಕೆಲಸ ಮಾಡಬೇಕಾದವರು ಎಂಥವರು ಎಂಬುದು ಅಂಕಪಟ್ಟಿಯಿಂದ ತಿಳಿಯುವುದಿಲ್ಲ. ಶಿಫಾರಸು ಪತ್ರಕ್ಕೆ ಅಲ್ಲಿರುವ ತೂಕ ಈ ಕಾರಣಕ್ಕೇ.

ಇಲ್ಲಿ ವಿವರಿಸುವ ಅಭ್ಯರ್ಥಿ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಈ ಪ್ರಕ್ರಿಯೆಯಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಅರ್ಜಿಗೆ ಜೋಡಿಸಿ ಕಟ್ಟಿದ ಪ್ರಕರಣವಿದು. ನಿಯಮಗಳು, ದಿನಾಂಕಗಳು ಮಾತ್ರ ನಿಜವಾದವು.

ಹಿನ್ನೆಲೆ

ಅಭ್ಯರ್ಥಿ 2022ರಲ್ಲಿ ಲಾ ಸ್ಕೂಲ್ ಸೇರಿದವಳು. 2024ರ ಬೇಸಿಗೆಯ ಹೊತ್ತಿಗೆ ಎರಡನೇ ವರ್ಷ ಮುಗಿದಿತ್ತು. ಅವಳು ಆರಿಸಿಕೊಂಡದ್ದು 46 ನ್ಯಾಯಾಧೀಶರನ್ನು. 38 ಮಂದಿಗೆ ಆಸ್ಕರ್ ಮೂಲಕ, 6 ಮಂದಿಗೆ ಇಮೇಲ್‌ನಲ್ಲಿ, ಇಬ್ಬರಿಗೆ ಅಂಚೆಯಲ್ಲಿ ಅರ್ಜಿ ಹೋಗಬೇಕು. ಆಸ್ಕರ್ ಎಂದರೆ ಫೆಡರಲ್ ನ್ಯಾಯಾಂಗವೇ ನಡೆಸುವ ಆನ್‌ಲೈನ್ ಅರ್ಜಿ ವ್ಯವಸ್ಥೆ. ಅದರಲ್ಲಿ ಒಬ್ಬರು 100 ಕ್ಲರ್ಕ್‌ಶಿಪ್ ಅರ್ಜಿಗಳವರೆಗೆ ಹಾಕಬಹುದು. ಶಿಫಾರಸು ಪತ್ರವನ್ನು ಅಭ್ಯರ್ಥಿ ಅಪ್‌ಲೋಡ್ ಮಾಡುವಂತಿಲ್ಲ. ಶಿಫಾರಸುದಾರರು ಅಥವಾ ಅವರ ಪರವಾಗಿ ಕಾಲೇಜಿನ ಸಿಬ್ಬಂದಿ ಮಾಡಬೇಕು. ಪತ್ರ ಬಂದಿದೆಯೋ ಇಲ್ಲವೋ ಎಂಬುದಷ್ಟೇ ಅಭ್ಯರ್ಥಿಗೆ ಕಾಣುತ್ತದೆ, ಒಳಗಿನ ಬರಹ ಕಾಣುವುದಿಲ್ಲ.

ಕಾಲಮಿತಿಯನ್ನು ನಿಗದಿಪಡಿಸಿದ್ದು ಫೆಡರಲ್ ಲಾ ಕ್ಲರ್ಕ್ ನೇಮಕಾತಿ ಯೋಜನೆ. 2017ರಲ್ಲಿ ಲಾ ಸ್ಕೂಲ್ ಸೇರಿದವರಿಂದ ಇದು ಜಾರಿಗೆ ಬಂತು. ಯೋಜನೆಯನ್ನು ಪಾಲಿಸುವ ನ್ಯಾಯಾಧೀಶರು ವಿದ್ಯಾರ್ಥಿಗಳ ಎರಡನೇ ವರ್ಷ ಮುಗಿದ ಮೇಲಿನ ಜೂನ್‌ನ ಒಂದು ನಿಗದಿತ ದಿನದವರೆಗೆ ಅರ್ಜಿ ನೋಡುವಂತಿಲ್ಲ, ಸಂದರ್ಶನ ಮಾಡುವಂತಿಲ್ಲ, ಕೆಲಸದ ಆಹ್ವಾನ ಕೊಡುವಂತಿಲ್ಲ. ಶಿಫಾರಸನ್ನೂ ಪಡೆಯುವಂತಿಲ್ಲ, ಅದು ಔಪಚಾರಿಕವಾಗಿರಲಿ, ಬಾಯಿಮಾತಿನದಾಗಿರಲಿ. 2024ರಲ್ಲಿ ಆ ದಿನ ಜೂನ್ 10, ಸೋಮವಾರ, ಅಮೆರಿಕದ ಪೂರ್ವ ವಲಯದ ಸಮಯದಂತೆ ಮಧ್ಯಾಹ್ನ 12 ಗಂಟೆ. ಅಭ್ಯರ್ಥಿಗಳಿಗೆ ಕರೆ ಮಾಡಿ ಸಂದರ್ಶನ ನಡೆಸಲು ಮರುದಿನ ಮಧ್ಯಾಹ್ನದಿಂದ ಅವಕಾಶ. ಪಾಲಿಸುವುದು ನ್ಯಾಯಾಧೀಶರ ಇಚ್ಛೆಗೆ ಬಿಟ್ಟದ್ದು. ಪಾಲಿಸುವವರು ಒಮ್ಮೆ ಕೊಟ್ಟ ಆಹ್ವಾನವನ್ನು ಕನಿಷ್ಠ 24 ಗಂಟೆ ತೆರೆದಿಡಬೇಕು. ಅವಳ ಪಟ್ಟಿಯಲ್ಲಿ ಅಂಚೆಯ ಇಬ್ಬರನ್ನು ಬಿಟ್ಟು ಉಳಿದ ಎಲ್ಲರೂ ಯೋಜನೆಗೆ ಒಳಪಟ್ಟವರೇ.

ಮೂರು ಪತ್ರ, 46 ನ್ಯಾಯಾಧೀಶರು. ಒಟ್ಟು 138 ಪ್ರತಿಗಳು. ಜೂನ್ 3ರ ಸೋಮವಾರ ಬೆಳಿಗ್ಗೆ, ಇನ್ನೊಂದೇ ವಾರವಿದೆ ಎನ್ನುವಾಗ, ಆಸ್ಕರ್‌ನಲ್ಲಿ ಬರಬೇಕಾಗಿದ್ದ 114 ಪತ್ರಗಳಲ್ಲಿ ಬಂದಿದ್ದವು 38 ಮಾತ್ರ. ಮೂವರಲ್ಲಿ ಒಬ್ಬರು ಪೂರ್ತಿ ಮುಗಿಸಿದ್ದರು, ಇನ್ನಿಬ್ಬರದು ಒಂದೂ ಬಂದಿರಲಿಲ್ಲ.

ಯಾರನ್ನು ಕೇಳಿದಳು, ಹೇಗೆ ಕೇಳಿದಳು

ಮೊದಲನೆಯವರು ಮೊದಲ ವರ್ಷ ಸಿವಿಲ್ ಪ್ರೊಸೀಜರ್ ಕಲಿಸಿದ ಹೆಸರಾಂತ ಹಿರಿಯ ಪ್ರಾಧ್ಯಾಪಕರು. ತರಗತಿಯಲ್ಲಿ 90 ವಿದ್ಯಾರ್ಥಿಗಳು. ಅವಳಿಗೆ ಎ ಗ್ರೇಡ್ ಬಂದಿತ್ತು. ಎರಡನೆಯವರು ಆಡಳಿತ ಕಾನೂನಿನ ಸೆಮಿನಾರ್ ನಡೆಸಿದ ಕಿರಿಯ ಪ್ರಾಧ್ಯಾಪಕಿ. 12 ವಿದ್ಯಾರ್ಥಿಗಳ ಸೆಮಿನಾರ್, ಕೊನೆಗೆ 30 ಪುಟದ ಪ್ರಬಂಧ. ಮೂರನೆಯವರು 2023ರ ಬೇಸಿಗೆಯಲ್ಲಿ ಅವಳು ಎಂಟು ವಾರ ಕೆಲಸ ಮಾಡಿದ ವಕೀಲರ ಸಂಸ್ಥೆಯ ಪಾಲುದಾರರು.

ಈ ಪಟ್ಟಿಯಲ್ಲಿ ಇಲ್ಲದವರೇ ಹೆಚ್ಚು ಗಮನಿಸಬೇಕಾದವರು. ಅದೇ ವರ್ಷದ ಶರತ್ಕಾಲದ ಸೆಮಿಸ್ಟರ್‌ನಲ್ಲಿ ಅವಳು ಒಬ್ಬ ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರ (ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ನ್ಯಾಯಾಧೀಶರಿಗೆ ನೆರವಾಗುವ ನ್ಯಾಯಾಧೀಶರು) ಚೇಂಬರ್‌ನಲ್ಲಿ ಎಕ್ಸ್‌ಟರ್ನ್‌ಶಿಪ್, ಅಂದರೆ ಓದಿನ ಭಾಗವಾಗಿ ಕೆಲಸದ ತರಬೇತಿ, ಮಾಡಿದ್ದಳು. ಯಾವ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಳೋ ಆ ಕೆಲಸವನ್ನೇ ಚಿಕ್ಕ ಪ್ರಮಾಣದಲ್ಲಿ ಮಾಡಿ ತೋರಿಸಿದ್ದಳು. ಆದರೂ ನ್ಯಾಯಾಧೀಶರನ್ನು ಕೇಳಲು ಸಂಕೋಚಪಟ್ಟು ಬಿಟ್ಟಿದ್ದಳು. ನ್ಯಾಯಾಧೀಶರು ಶಿಫಾರಸು ಪತ್ರ ಬರೆಯಬಾರದು ಎಂಬ ತಪ್ಪು ಕಲ್ಪನೆ ವಿದ್ಯಾರ್ಥಿಗಳಲ್ಲಿ ಆಗಾಗ ಕಾಣುತ್ತದೆ. ಸ್ವಂತ ಅರಿವಿನ ಆಧಾರದಲ್ಲಿ ಒಬ್ಬರ ಬಗ್ಗೆ ಶಿಫಾರಸು ಮಾಡಲು ಅಮೆರಿಕನ್ ಬಾರ್ ಅಸೋಸಿಯೇಷನ್‌ನ ಮಾದರಿ ನ್ಯಾಯಾಂಗ ಸಂಹಿತೆ ಸ್ಪಷ್ಟವಾಗಿಯೇ ಅವಕಾಶ ಕೊಡುತ್ತದೆ. ತಮ್ಮ ಹುದ್ದೆಯ ಬಲದಿಂದ ಒತ್ತಡ ಹೇರಿದಂತೆ ಕಾಣಬಾರದು, ಅಷ್ಟೇ.

ಇನ್ನು ಕೇಳಿದ ರೀತಿ. ಹಿರಿಯ ಪ್ರಾಧ್ಯಾಪಕರನ್ನು ಫೆಬ್ರವರಿಯಲ್ಲಿ ತರಗತಿ ಬಿಟ್ಟಾಗ ಕಾರಿಡಾರ್‌ನಲ್ಲಿ ಹಿಡಿದು, “ಸರ್, ಕ್ಲರ್ಕ್‌ಶಿಪ್‌ಗೆ ಒಂದು ಪತ್ರ ಬರೆದುಕೊಡ್ತೀರಾ?” ಎಂದಳು. ನಾಲ್ಕು ಜನ ನೋಡುತ್ತಿರುವಾಗ ಇಂಥ ಪ್ರಶ್ನೆಗೆ ಒಂದೇ ಉತ್ತರ: “ಖಂಡಿತ, ವಿವರ ಕಳಿಸಿ.” ಪಾಲುದಾರರಿಗೆ ಹೊಸ ವರ್ಷದ ಶುಭಾಶಯದ ಇಮೇಲ್‌ನಲ್ಲೇ ಕೊನೆಯ ಸಾಲಾಗಿ ಕೇಳಿದ್ದಳು. ಅವರು “ಸಂತೋಷದಿಂದ” ಎಂದು ಒಂದೇ ಪದದಲ್ಲಿ ಉತ್ತರಿಸಿದ್ದರು. ಸೆಮಿನಾರ್ ಪ್ರಾಧ್ಯಾಪಕಿಯನ್ನು ಮಾತ್ರ ಸಮಯ ಗೊತ್ತುಮಾಡಿಕೊಂಡು ಅವರ ಕೊಠಡಿಯಲ್ಲಿ ಭೇಟಿಯಾಗಿ, “ಬಲವಾದ ಪತ್ರ ಬರೆಯುವಷ್ಟು ನನ್ನ ಕೆಲಸ ನಿಮಗೆ ಗೊತ್ತಿದೆ ಅನ್ನಿಸುತ್ತದೆಯೇ? ಅನ್ನಿಸದಿದ್ದರೆ ದಯವಿಟ್ಟು ಹೇಳಿಬಿಡಿ, ಬೇರೆಯವರನ್ನು ಕೇಳಲು ಇನ್ನೂ ಸಮಯವಿದೆ” ಎಂದಿದ್ದಳು.

ಈ ಪ್ರಕರಣದ ಕೀಲಿ ಇಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಇಲ್ಲ ಎನ್ನಲು ಜಾಗ ಬಿಡದೆ ಕೇಳಿದ ಎರಡೂ ಕಡೆ ಪತ್ರ ಕೈಕೊಟ್ಟಿತು. ಹೌದು ಎಂದವರು ಅಪ್ರಾಮಾಣಿಕರಾಗಿರಲಿಲ್ಲ. ತಮಗಿರುವ ಅಡ್ಡಿಗಳನ್ನು ಹೇಳಿಕೊಳ್ಳುವ ಸಂದರ್ಭವೇ ಅವರಿಗೆ ಸಿಗಲಿಲ್ಲ. ಹಿರಿಯ ಪ್ರಾಧ್ಯಾಪಕರು ಮೇ 20ರಿಂದ ವಿದೇಶ ಪ್ರವಾಸದಲ್ಲಿರಲಿದ್ದರು. ಅಮೆರಿಕದ ಲಾ ಸ್ಕೂಲ್‌ಗಳಲ್ಲಿ ಉತ್ತರ ಪತ್ರಿಕೆಗಳನ್ನು ಹೆಸರಿಲ್ಲದೆ ಮೌಲ್ಯಮಾಪನ ಮಾಡುವುದರಿಂದ ಆ ಎ ಗ್ರೇಡ್ ಯಾವ ಮುಖದ್ದು ಎಂಬುದೂ ಅವರ ನೆನಪಿನಲ್ಲಿರಲಿಲ್ಲ. ಪಾಲುದಾರರ ಸಂಸ್ಥೆಯಲ್ಲಿ ಹಳೆಯ ನೌಕರರ ಬಗ್ಗೆ ಕೆಲಸದ ಅವಧಿಯನ್ನಷ್ಟೇ ದೃಢೀಕರಿಸಬೇಕೆಂಬ ನಿಯಮವಿತ್ತು. ಲೆಟರ್‌ಹೆಡ್‌ನಲ್ಲಿ ಶಿಫಾರಸು ಪತ್ರ ಬರೆಯಲು ಮಾನವ ಸಂಪನ್ಮೂಲ ವಿಭಾಗದ ಅನುಮತಿ ಬೇಕಿತ್ತು. ದೊಡ್ಡ ಸಂಸ್ಥೆಗಳಲ್ಲಿ ಇದು ಸಾಮಾನ್ಯ ಸಂಗತಿ. ಮುಂಚೆಯೇ ಕೇಳಿದ್ದರೆ ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು.

“ನಿಮ್ಮನ್ನು ನನಗಿಂತ ಚೆನ್ನಾಗಿ ಬಲ್ಲವರು ಬರೆದರೆ ಒಳ್ಳೆಯದು” ಎಂದೋ “ಈ ಸಲ ಬಹಳ ಜನಕ್ಕೆ ಬರೆಯಬೇಕಾಗಿದೆ” ಎಂದೋ ಉತ್ತರ ಬಂದರೆ ಅದನ್ನು ಇಲ್ಲ ಎಂದೇ ತಿಳಿದು, ವಂದಿಸಿ ಹೊರಡಬೇಕು. ಒತ್ತಾಯಿಸಿ ಬರೆಸಿಕೊಂಡ ಪತ್ರ ಹೇಗಿರುತ್ತದೆ ಎಂಬುದು ಮುಂದೆ ಬರುತ್ತದೆ.

ಪತ್ರದ ಒಳಗೆ

ಹಿರಿಯ ಪ್ರಾಧ್ಯಾಪಕರ ಪತ್ರದ ಮಾದರಿ ಹೀಗಿತ್ತು: “ಈ ವಿದ್ಯಾರ್ಥಿನಿ ನನ್ನ ತರಗತಿಯಲ್ಲಿ ಎ ಗ್ರೇಡ್ ಪಡೆದಿದ್ದಾರೆ. ತರಗತಿಗೆ ತಪ್ಪದೆ ಬರುತ್ತಿದ್ದರು, ಸಿದ್ಧರಾಗಿ ಬರುತ್ತಿದ್ದರು. ರೆಸ್ಯೂಮೆಯಲ್ಲಿ ಕಾಣುವಂತೆ ಲಾ ರಿವ್ಯೂನಲ್ಲೂ ಇದ್ದಾರೆ. ಒಳ್ಳೆಯ ಕ್ಲರ್ಕ್ ಆಗುತ್ತಾರೆಂಬ ನಂಬಿಕೆ ನನಗಿದೆ.” (ಲಾ ರಿವ್ಯೂ ಎಂದರೆ ವಿದ್ಯಾರ್ಥಿಗಳೇ ಸಂಪಾದಿಸುವ ಕಾನೂನು ಪತ್ರಿಕೆ.) ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅಂಕಪಟ್ಟಿ, ರೆಸ್ಯೂಮೆ ಎದುರಿಗಿಟ್ಟುಕೊಂಡ ನ್ಯಾಯಾಧೀಶರಿಗೆ ಇದರಿಂದ ಹೊಸದಾಗಿ ತಿಳಿಯುವುದು ಹಾಜರಾತಿ ಒಂದೇ. ಹಾಜರಾತಿಯನ್ನು ಹೊಗಳಿದ ಪತ್ರವನ್ನು ಅನುಭವಿ ಓದುಗರು, ಹೊಗಳಲು ಬೇರೇನೂ ಸಿಗಲಿಲ್ಲ ಎಂದೇ ಓದಿಕೊಳ್ಳುತ್ತಾರೆ.

ಸೆಮಿನಾರ್ ಪ್ರಾಧ್ಯಾಪಕಿಯ ಪತ್ರ ಒಂದೂವರೆ ಪುಟ. ಅದರ ನಡುವಿನ ಒಂದು ಭಾಗ: “ಪ್ರಬಂಧ ಸಲ್ಲಿಸಿದ ಎರಡು ದಿನಕ್ಕೆ ಅವರು ನನಗೆ ಬರೆದರು. ಎರಡನೇ ಭಾಗ ನಿಂತಿದ್ದೇ ಒಂದು ಮೇಲ್ಮನವಿ ತೀರ್ಪಿನ ಮೇಲೆ. ಪೂರ್ಣಪೀಠ ಮರುವಿಚಾರಣೆಗೆ ಒಪ್ಪಿ ಆ ತೀರ್ಪನ್ನು ರದ್ದುಮಾಡಿದೆ ಎಂಬುದು ಕೊನೆಯ ಬಾರಿ ಉಲ್ಲೇಖಗಳನ್ನು ಪರಿಶೀಲಿಸುವಾಗ ಅವರಿಗೆ ಗೊತ್ತಾಗಿತ್ತು. ನಾನದನ್ನು ಗಮನಿಸಿರಲಿಲ್ಲ. ನಾಲ್ಕು ದಿನ ಸಮಯ ಕೇಳಿದರು, ಆ ಭಾಗವನ್ನು ಬೇರೆ ಆಧಾರದ ಮೇಲೆ ಹೊಸದಾಗಿ ಬರೆದರು, ವಾದ ಎಲ್ಲಿ ದುರ್ಬಲವಾಯಿತು ಎಂಬುದನ್ನೂ ಪ್ರಬಂಧದಲ್ಲೇ ಹೇಳಿದರು. ಆ ಸೆಮಿನಾರ್‌ನ ಹನ್ನೆರಡು ಮಂದಿಯಲ್ಲಿ ನನ್ನದೇ ಒಂದು ಲೇಖನವನ್ನು ತಿದ್ದಲು ಕೊಡಬಹುದಾದವರು ಇವರೊಬ್ಬರೇ.”

ಚೇಂಬರ್‌ಗೆ ಬೇಕಾದದ್ದೆಲ್ಲ ಇದರಲ್ಲಿದೆ. ಉಲ್ಲೇಖಿಸಿದ ತೀರ್ಪು ಈಗಲೂ ಜೀವಂತವಾಗಿದೆಯೇ ಎಂದು ಕೀಸೈಟ್, ಶೆಫರ್ಡ್ಸ್‌ನಂಥ ಉಲ್ಲೇಖ ಪರಿಶೀಲನಾ ಸೇವೆಗಳಲ್ಲಿ ನೋಡುವುದು ಕ್ಲರ್ಕ್‌ನ ದಿನನಿತ್ಯದ ಕೆಲಸ. ತನ್ನ ತಪ್ಪನ್ನು ತಾನೇ ಬಂದು ಹೇಳುವವರನ್ನು ನ್ಯಾಯಾಧೀಶರು ನಂಬಬಹುದು. ಇನ್ನು ಹೋಲಿಕೆ: “ಹನ್ನೆರಡು ಮಂದಿಯಲ್ಲಿ ಇವರೊಬ್ಬರೇ.” ಯಾರಿಗೂ ಹೋಲಿಸದ ಪತ್ರ ಎಷ್ಟೇ ಸಿಹಿಯಾಗಿದ್ದರೂ, ಈ ವಿದ್ಯಾರ್ಥಿ ಎಲ್ಲಿ ನಿಲ್ಲುತ್ತಾಳೆ ಎಂಬ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಹೀಗೆಂದು ಹೆಸರಾಂತರ ಪತ್ರ ವ್ಯರ್ಥವೆಂದಲ್ಲ. ಆ ನ್ಯಾಯಾಧೀಶರಿಗೆ ಪ್ರಾಧ್ಯಾಪಕರ ಪರಿಚಯವಿದ್ದರೆ, ಅಥವಾ ಅವರೇ ಹಿಂದೆ ಆ ನ್ಯಾಯಾಧೀಶರ ಬಳಿ ಕ್ಲರ್ಕ್ ಆಗಿದ್ದರೆ, ಮೂರು ಸಾಲಿಗೂ ಬೆಲೆ ಬರುತ್ತದೆ. ಪರಿಚಯವಿಲ್ಲದ 40 ಚೇಂಬರ್‌ಗಳಲ್ಲಿ ಓದುವುದು ಪತ್ರವನ್ನು, ಹೆಸರನ್ನಲ್ಲ.

ಕಳಿಸಿಕೊಟ್ಟ ಸಾಮಗ್ರಿ

ಹಾಗಾದರೆ ಆ ಪ್ರಾಧ್ಯಾಪಕರು ಚೆನ್ನಾಗಿ ಬರೆಯುವಂತೆ ಮಾಡಬಹುದಿತ್ತೇ? ಒಂದಿಷ್ಟು ಮಾಡಬಹುದಿತ್ತು. ಅವಳು ಅವರಿಗೆ ಕಳಿಸಿದ್ದು ರೆಸ್ಯೂಮೆ ಒಂದನ್ನೇ. ಅವರು ಅದನ್ನೇ ಮತ್ತೆ ಬರೆದರು. ಸೆಮಿನಾರ್ ಪ್ರಾಧ್ಯಾಪಕಿಗೆ ಕಳಿಸಿದ ಫೋಲ್ಡರ್‌ನಲ್ಲಿ ರೆಸ್ಯೂಮೆ, ಅಂಕಪಟ್ಟಿ, ಕವರ್ ಲೆಟರ್‌ನ ಕರಡು, ಬರಹದ ಮಾದರಿ, ಅವರೇ ತಿದ್ದಿ ಟಿಪ್ಪಣಿ ಬರೆದ ಪ್ರಬಂಧದ ಎರಡೂ ಆವೃತ್ತಿಗಳು, ನ್ಯಾಯಾಧೀಶರ ಪಟ್ಟಿ ಮತ್ತು ಒಂದು ಪುಟದ ಟಿಪ್ಪಣಿ ಇದ್ದವು. ಟಿಪ್ಪಣಿಯಲ್ಲಿ “ನಾನು ಪರಿಶ್ರಮಿ” ಎಂಬಂಥ ಗುಣವಾಚಕಗಳಿರಲಿಲ್ಲ. ನಡೆದದ್ದಷ್ಟೇ ಇತ್ತು: ಯಾವ ವಾರ ಯಾವ ವಿಷಯ ಮಂಡಿಸಿದಳು, ಯಾವ ಟೀಕೆ ಬಂತು, ಅದಕ್ಕೆ ಏನು ಬದಲಿಸಿದಳು. ಗುಣವಾಚಕವನ್ನು ಬರೆಯುವವರೇ ಹುಡುಕಿಕೊಳ್ಳಲಿ.

“ನೀನೇ ಒಂದು ಕರಡು ಬರೆದು ತಾ, ಸಹಿ ಹಾಕುತ್ತೇನೆ” ಎನ್ನುವವರೂ ಸಿಗುತ್ತಾರೆ. ಒಪ್ಪದಿರುವುದೇ ಲೇಸು. ಒಂದೇ ಕೈಯಿಂದ ಹೊರಟ ಎರಡು ಪತ್ರಗಳು ಒಂದೇ ಕಡತದಲ್ಲಿ ಅಕ್ಕಪಕ್ಕ ಕೂತಾಗ ಒಂದೇ ವಾಕ್ಯಶೈಲಿ, ಒಂದೇ ಪದಗಳು ಎದ್ದು ಕಾಣುತ್ತವೆ. ಇದೇ ಒಂದು ಪುಟದ ಟಿಪ್ಪಣಿಯನ್ನು ಕೈಗಿಟ್ಟರೆ ಹೆಚ್ಚಿನವರು ಕರಡು ಕೇಳುವುದನ್ನು ಬಿಡುತ್ತಾರೆ.

ಇದರೊಂದಿಗೆ ಎರಡು ಒಪ್ಪಿಗೆಗಳು ಬೇಕು. 1974ರ ಶೈಕ್ಷಣಿಕ ದಾಖಲೆಗಳ ಗೋಪ್ಯತಾ ಕಾಯ್ದೆ, ಎಲ್ಲರ ಬಾಯಲ್ಲಿ ಫೆರ್ಪಾ, ವಿದ್ಯಾರ್ಥಿಯ ದಾಖಲೆಯಲ್ಲಿರುವ ಗ್ರೇಡ್‌ಗಳನ್ನು ಪತ್ರದಲ್ಲಿ ಬರೆಯಬೇಕಾದರೆ ಲಿಖಿತ ಒಪ್ಪಿಗೆ ಕೇಳುತ್ತದೆ. ಕಾಲೇಜುಗಳಲ್ಲಿ ಅದಕ್ಕೊಂದು ಫಾರ್ಮ್ ಇರುತ್ತದೆ. ಅದನ್ನು ತುಂಬದಿದ್ದರೆ ಎಚ್ಚರಿಕೆಯ ಪ್ರಾಧ್ಯಾಪಕರು ಗ್ರೇಡನ್ನೇ ಬರೆಯುವುದಿಲ್ಲ. ಇನ್ನೊಂದು, ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುವುದು. ಇದನ್ನು ಕಡ್ಡಾಯ ಮಾಡುವಂತಿಲ್ಲ, ಆದರೆ ಬಹುತೇಕ ಅಭ್ಯರ್ಥಿಗಳು ಬಿಟ್ಟುಕೊಡುತ್ತಾರೆ. ಅಭ್ಯರ್ಥಿ ಓದುತ್ತಾಳೆಂದು ತಿಳಿದು ಬರೆದ ಪತ್ರವನ್ನು ನ್ಯಾಯಾಧೀಶರು ಪೂರ್ತಿ ನಂಬುವುದಿಲ್ಲ.

ಗ್ರೇಡ್ ವಿಷಯದಲ್ಲಿ ಇನ್ನೊಂದು ಗುಂಡಿ ಇದೆ. ಪತ್ರ ಮಾರ್ಚ್‌ನಲ್ಲಿ ಬರೆದದ್ದು, ವಸಂತ ಸೆಮಿಸ್ಟರ್‌ನ ಫಲಿತಾಂಶ ಬರುವುದು ಜೂನ್ ಹೊತ್ತಿಗೆ. “ತರಗತಿಯ ಮೊದಲ ಹತ್ತನೇ ಒಂದು ಭಾಗದಲ್ಲಿದ್ದಾರೆ” ಎಂದು ಮಾರ್ಚ್‌ನಲ್ಲಿ ಬರೆದ ಸಾಲು ಜೂನ್‌ನ ಅಂಕಪಟ್ಟಿಗೆ ತಾಳೆಯಾಗದಿದ್ದರೆ ಪತ್ರದ ಉಳಿದ ಮಾತೂ ಸಂಶಯಕ್ಕೆ ಬೀಳುತ್ತದೆ. ಒಟ್ಟು ಸ್ಥಾನಮಾನವನ್ನು ಅಂಕಪಟ್ಟಿಗೆ ಬಿಟ್ಟು, ತಮ್ಮ ತರಗತಿಯಲ್ಲಿ ಕಂಡದ್ದನ್ನಷ್ಟೇ ಬರೆಯುವಂತೆ ವಿನಂತಿಸಿಕೊಳ್ಳುವುದು ಕ್ಷೇಮ.

ಜೂನ್ 3ರಿಂದ 7ರವರೆಗೆ

ಸೋಮವಾರ ಅವಳು ಕಾಲೇಜಿನ ಕ್ಲರ್ಕ್‌ಶಿಪ್ ಸಲಹೆಗಾರರ ಬಳಿ ಹೋದಳು. ಅವರು ಮೊದಲು ಕೇಳಿದ್ದು ಅರ್ಜಿಗಳನ್ನು ಅಂತಿಮಗೊಳಿಸಿದ್ದೀಯಾ ಎಂದು. ಇಲ್ಲ, 38ನ್ನೂ ಕರಡಾಗಿಯೇ ಇಟ್ಟಿದ್ದಳು. ಇದೊಂದು ದೊಡ್ಡ ಪುಣ್ಯ. ಶಿಫಾರಸುದಾರರನ್ನು ಬದಲಿಸುವ ದಾರಿ ಇನ್ನೂ ತೆರೆದಿತ್ತು.

ಪಾಲುದಾರರಿಗೆ ಮಂಗಳವಾರ ಬೆಳಿಗ್ಗೆ ಫೋನ್. ಇಮೇಲ್ ಅಲ್ಲ, ಫೋನ್: ಆಸ್ಕರ್‌ನ ಸ್ವಯಂಚಾಲಿತ ಕೋರಿಕೆ ಅವರ ಸಂಸ್ಥೆಯ ಸ್ಪ್ಯಾಮ್ ಫಿಲ್ಟರ್‌ನಲ್ಲೇ ಸಿಕ್ಕಿಬಿದ್ದಿತ್ತು. ಸಲಹೆಗಾರರು ಹೇಳಿಕೊಟ್ಟಂತೆ “ಪತ್ರ ಏನಾಯಿತು?” ಎನ್ನದೆ “ಈ ವಾರ ನಿಮಗೆ ಕಷ್ಟವಾಗುವುದಾದರೆ ಬೇರೆ ವ್ಯವಸ್ಥೆ ಮಾಡಿಕೊಳ್ಳಬಲ್ಲೆ” ಎಂದು ಶುರುಮಾಡಿದಳು. ಅವರು ನಿರಾಳವಾಗಿ ನಿಯಮದ ವಿಷಯ ಬಿಚ್ಚಿ ಹೇಳಿದರು. ಪತ್ರ ಸಾಧ್ಯವಿಲ್ಲ, ಯಾರಾದರೂ ಫೋನ್ ಮಾಡಿದರೆ ವೈಯಕ್ತಿಕವಾಗಿ ಮಾತಾಡಬಲ್ಲೆ ಎಂದರು. ಹೀಗೆ ಅವರು ಪತ್ರ ಬರೆಯುವವರ ಪಟ್ಟಿಯಿಂದ ರೆಫರೆನ್ಸ್ ಪಟ್ಟಿಗೆ ಹೋದರು.

ಅದೇ ದಿನ ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರ ಚೇಂಬರ್‌ಗೆ ಇಮೇಲ್. ವಾರವೂ ಉಳಿದಿಲ್ಲದಾಗ ಕೇಳುವುದು ಅಸಭ್ಯ ಎನ್ನಿಸಬಹುದು. ಅದನ್ನು ಮರೆಮಾಚದೆ ಮೊದಲ ಸಾಲಿನಲ್ಲೇ ಹೇಳಿದ್ದಳು: ಸಮಯ ಬಹಳ ಕಡಿಮೆ, ಆಗದಿದ್ದರೆ ನನಗೆ ಪೂರ್ತಿ ಅರ್ಥವಾಗುತ್ತದೆ. ಜೊತೆಗೆ ಚೇಂಬರ್‌ನಲ್ಲಿ ಬರೆದ ಮೆಮೊಗಳ ಪಟ್ಟಿ, ಅದೂ ವಿಷಯದ ಶೀರ್ಷಿಕೆ ಮಾತ್ರ. ಬಾಕಿ ಇರುವ ಮೊಕದ್ದಮೆಯ ವಿವರ ಒಂದೂ ಇರಲಿಲ್ಲ. ಚೇಂಬರ್‌ನ ಗೋಪ್ಯತೆಯನ್ನು ಅಭ್ಯರ್ಥಿ ಎಷ್ಟು ಗೌರವಿಸುತ್ತಾಳೆ ಎಂಬುದಕ್ಕೆ ಈ ಇಮೇಲೇ ಪರೀಕ್ಷೆ. ಚೇಂಬರ್‌ನಲ್ಲಿ ಬರೆದದ್ದನ್ನು ಬರಹದ ಮಾದರಿಯಾಗಿ ಬಳಸುವುದಕ್ಕೂ ಇದೇ ಮಾತು ಅನ್ವಯ: ನ್ಯಾಯಾಧೀಶರ ಒಪ್ಪಿಗೆ ಬೇಕು, ಒಪ್ಪಿಗೆ ಪಡೆದಿದ್ದೇನೆಂದು ಮೊದಲ ಪುಟದಲ್ಲಿ ಬರೆಯಬೇಕು. ನ್ಯಾಯಾಧೀಶರು ಸಂಜೆಗೇ ಒಪ್ಪಿದರು. 46 ಹೆಸರು ಹಾಕಿ ಬರೆಯುವ ಬದಲು “ಮಾನ್ಯ ನ್ಯಾಯಾಧೀಶರೇ” ಎಂಬ ಒಂದೇ ಸಾಮಾನ್ಯ ಪತ್ರ ಸಾಕೆಂದು ಅವಳೇ ಸೂಚಿಸಿದ್ದಳು. ಗುರುವಾರ ಅವರ ಸಹಾಯಕರು ಅದನ್ನು ಅಪ್‌ಲೋಡ್ ಮಾಡಿದರು. ಹೆಸರಿಲ್ಲದ ಸಾಮಾನ್ಯ ಪತ್ರದಿಂದ ಹಾನಿಯಿಲ್ಲ. ತಪ್ಪು ಹೆಸರಿನ ಪತ್ರದಿಂದ ಇದೆ.

ಅದು ಹಿರಿಯ ಪ್ರಾಧ್ಯಾಪಕರ ವಿಷಯದಲ್ಲಿ ಬಯಲಾಯಿತು. ಅವರ ಪತ್ರ ಮಾರ್ಚ್‌ನಲ್ಲೇ ಸಿದ್ಧವಾಗಿ ಅವರ ಸಹಾಯಕಿಯ ಕಂಪ್ಯೂಟರ್‌ನಲ್ಲಿತ್ತು. ಕಾಯುತ್ತಿದ್ದುದು ನ್ಯಾಯಾಧೀಶರ ಪಟ್ಟಿಗಾಗಿ. ಅಭ್ಯರ್ಥಿ ಪಟ್ಟಿ ಕಳಿಸಿದ್ದು ಪ್ರಾಧ್ಯಾಪಕರಿಗೆ, ಅಪ್‌ಲೋಡ್ ಮಾಡುವುದು ಸಹಾಯಕಿ. ನಡುವೆ ಯಾರೂ ಅದನ್ನು ದಾಟಿಸಲಿಲ್ಲ. ಬುಧವಾರ ಪಟ್ಟಿ ಸಿಕ್ಕ ಕೂಡಲೇ ಸಹಾಯಕಿ ಮೇಲ್ ಮರ್ಜ್ ಮಾಡಿ (ಪಟ್ಟಿಯ ಹೆಸರು, ವಿಳಾಸಗಳನ್ನು ಒಂದೇ ಪತ್ರದ ಪ್ರತಿಗಳಿಗೆ ಕಂಪ್ಯೂಟರ್‌ನಿಂದಲೇ ತುಂಬಿಸಿ), ಅಪ್‌ಲೋಡ್ ಮಾಡುವ ಮುನ್ನ ಮೊದಲನೆಯದು, ಕೊನೆಯದು, ನಡುವಿನ ಮೂರು ಪತ್ರಗಳನ್ನು ತೆರೆದು ನೋಡಿದರು. ನಡುವಿನದರಲ್ಲಿ ನ್ಯಾಯಾಧೀಶರ ಹೆಸರು ಒಂದು ರಾಜ್ಯದ್ದು, ನ್ಯಾಯಾಲಯ ಇನ್ನೊಂದು ರಾಜ್ಯದ್ದು.

ಆದದ್ದಿಷ್ಟೇ. ಅಭ್ಯರ್ಥಿ ಸ್ಪ್ರೆಡ್‌ಶೀಟ್‌ನಲ್ಲಿ ಹೆಸರಿನ ಕಾಲಮ್ ಒಂದನ್ನೇ ಆಯ್ದು ಅಕಾರಾದಿಯಾಗಿ ಜೋಡಿಸಿದ್ದಳು. ಪಕ್ಕದ ಕಾಲಮ್‌ಗಳು ಇದ್ದಲ್ಲೇ ಉಳಿದವು. ಮೊದಲ ಸಾಲುಗಳು ಮೊದಲೇ ಅಕಾರಾದಿಯಲ್ಲಿದ್ದುದರಿಂದ ಮೇಲ್ನೋಟಕ್ಕೆ ಎಲ್ಲ ಸರಿಯಾಗಿ ಕಂಡಿತು. ಇನ್ನೊಂದು ಸಣ್ಣ ದೋಷವೂ ಸಿಕ್ಕಿತು. ಇಬ್ಬರಿಗೆ “ಮುಖ್ಯ ನ್ಯಾಯಾಧೀಶರು” ಎಂದು ಹಳೆಯ ಬಿರುದು ಹಾಕಿದ್ದಳು. ಫೆಡರಲ್ ಜಿಲ್ಲಾ ಮತ್ತು ಮೇಲ್ಮನವಿ ನ್ಯಾಯಾಲಯಗಳ ಮುಖ್ಯ ನ್ಯಾಯಾಧೀಶರ ಅವಧಿ ಗರಿಷ್ಠ ಏಳು ವರ್ಷ, ಸಾಮಾನ್ಯವಾಗಿ 70 ವಯಸ್ಸಿನ ಮಿತಿಯೂ ಇದೆ. ಆದ್ದರಿಂದ ಬಿರುದು ಬದಲಾಗುತ್ತಲೇ ಇರುತ್ತದೆ. ಆಯಾ ನ್ಯಾಯಾಲಯದ ಜಾಲತಾಣವನ್ನು ಅದೇ ವಾರ ತೆರೆದು ನೋಡುವುದು ಬಿಟ್ಟರೆ ಬೇರೆ ದಾರಿಯಿಲ್ಲ.

ಪಟ್ಟಿಯನ್ನು ಮೂಲದಿಂದ ಮತ್ತೆ ಕಟ್ಟಿದರು. ಈ ಸಲ ಕಾಲಮ್‌ಗಳು ಹೀಗಿದ್ದವು: ಸಾಲಿನ ಸಂಖ್ಯೆ, ಬಿರುದು, ಪೂರ್ಣ ಹೆಸರು, ಸಂಬೋಧನೆಯ ಸಾಲು, ನ್ಯಾಯಾಲಯ, ಚೇಂಬರ್ ವಿಳಾಸ, ಅರ್ಜಿ ಹೋಗುವ ಮಾರ್ಗ, ಕೊನೆಯ ದಿನ, ಯೋಜನೆ ಪಾಲಿಸುತ್ತಾರೋ ಇಲ್ಲವೋ, ವಿಶೇಷ ಷರತ್ತು. ಕೊನೆಯದನ್ನು ಬಹಳ ಮಂದಿ ಬಿಡುತ್ತಾರೆ. ಕೆಲವು ನ್ಯಾಯಾಧೀಶರು ಮೂರು ಪತ್ರಗಳಲ್ಲಿ ಎರಡಾದರೂ ಲಾ ಸ್ಕೂಲ್ ಪ್ರಾಧ್ಯಾಪಕರಿಂದಲೇ ಬರಬೇಕೆನ್ನುತ್ತಾರೆ. ಹಾಗಾಗಿಯೇ ಹಿರಿಯ ಪ್ರಾಧ್ಯಾಪಕರ ತೆಳು ಪತ್ರವನ್ನು ಕೈಬಿಡಲು ಆಗಲಿಲ್ಲ. ಸಾಲಿನ ಸಂಖ್ಯೆ ಏಕೆಂದರೆ, ಯಾರು ಹೇಗೆ ಜೋಡಿಸಿ ಕೆಡಿಸಿದರೂ ಮೂಲ ಪಟ್ಟಿಯೊಂದಿಗೆ ತಾಳೆ ನೋಡಿ ತಪ್ಪನ್ನು ಹಿಡಿಯಬಹುದು. ಶುಕ್ರವಾರ ಸಂಜೆಗೆ 114 ಪತ್ರಗಳೂ ಆಸ್ಕರ್‌ನಲ್ಲಿದ್ದವು. ಅವಳು 38 ಅರ್ಜಿಗಳನ್ನೂ ಅಂತಿಮಗೊಳಿಸಿದಳು. ಇಮೇಲ್‌ನ ಆರು ಅರ್ಜಿಗಳಿಗೆ ಪತ್ರಗಳನ್ನು ಕ್ಲರ್ಕ್‌ಶಿಪ್ ಕಚೇರಿ ತಾನೇ ಜೋಡಿಸಿ ಸೋಮವಾರ ಮಧ್ಯಾಹ್ನ ಕಳಿಸಿತು.

ಅಂಚೆಯ ಇಬ್ಬರಿಗೆ ಏನೂ ಮಾಡುವಂತಿರಲಿಲ್ಲ. ಅವರ ಗಡುವು ಏಪ್ರಿಲ್‌ನಲ್ಲೇ ಮುಗಿದಿತ್ತು; ಸೆಮಿನಾರ್ ಪ್ರಾಧ್ಯಾಪಕಿಯ ಒಂದೇ ಪತ್ರದೊಂದಿಗೆ, “ಉಳಿದೆರಡು ಬರಲಿವೆ” ಎಂಬ ಟಿಪ್ಪಣಿಯೊಂದಿಗೆ ಲಕೋಟೆ ಹೋಗಿತ್ತು. ಉಳಿದೆರಡು ಹೋಗಲೇ ಇಲ್ಲ. ಇಬ್ಬರಿಂದಲೂ ಉತ್ತರ ಬರಲಿಲ್ಲ.

ಫೋನ್ ಕರೆಗಳು

ಪತ್ರ ಬೇರೆ, ರೆಫರೆನ್ಸ್ ಬೇರೆ. ರೆಫರೆನ್ಸ್ ಎಂದರೆ ಚೇಂಬರ್‌ನಿಂದ ಕರೆ ಬಂದಾಗ ಮಾತಾಡುವವರು. ಪತ್ರ ಬರೆದವರಿಗೂ ಕರೆ ಬರಬಹುದು, ಪಟ್ಟಿಯಲ್ಲಿಲ್ಲದವರಿಗೂ ಬರಬಹುದು. ಅಭ್ಯರ್ಥಿ ಹಿಂದೆ ಕೆಲಸ ಮಾಡಿದ ಕಡೆ ಪರಿಚಿತರಿದ್ದರೆ ನ್ಯಾಯಾಧೀಶರು ನೇರ ಅವರನ್ನೇ ಕೇಳುತ್ತಾರೆ. ಆದ್ದರಿಂದ ರೆಸ್ಯೂಮೆಯಲ್ಲಿರುವ ಪ್ರತಿ ಉದ್ಯೋಗವೂ ಒಂದು ರೆಫರೆನ್ಸ್ ಎಂದೇ ಎಣಿಸಬೇಕು.

ಇಲ್ಲಿ ಒಂದು ಸಡಿಲ ಗಂಟು ಉಳಿದುಹೋಯಿತು. ಪಾಲುದಾರರನ್ನು ರೆಫರೆನ್ಸ್ ಪಟ್ಟಿಗೆ ಸೇರಿಸಿದ ಮೇಲೆ ಅವರಿಗೆ ನ್ಯಾಯಾಧೀಶರ ಪಟ್ಟಿಯಾಗಲಿ, ತಾನು ಅಲ್ಲಿ ಮಾಡಿದ ಕೆಲಸದ ಟಿಪ್ಪಣಿಯಾಗಲಿ ಕಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಜೂನ್ 12ರಂದು ಒಂದು ಚೇಂಬರ್‌ನಿಂದ ಅವರಿಗೆ ಕರೆ ಬಂತು. ಕಾರು ಓಡಿಸುತ್ತಿದ್ದರು. “ಹೌದು, ಹೋದ ಬೇಸಿಗೆಯಲ್ಲಿ ಇದ್ದರು. ಚೆನ್ನಾಗಿಯೇ ಕೆಲಸ ಮಾಡಿದರು ಅಂತ ನೆನಪು” ಎಂದರು. ಕ್ಲರ್ಕ್ ನಿರ್ದಿಷ್ಟವಾಗಿ ಒಂದು ಕೆಲಸದ ಬಗ್ಗೆ ಕೇಳಿದಾಗ ನೆನಪಾಗಲಿಲ್ಲ. ಆ ಚೇಂಬರ್‌ನಿಂದ ಅವಳಿಗೆ ಮತ್ತೆ ಕರೆ ಬರಲಿಲ್ಲ. ಕಾರಣ ಅದೇ ಎಂದು ಸಾಧಿಸಲಾಗದು. ಆದರೆ ಕಡತ ತೆರೆದು ಓದಿ, ಫೋನ್ ಮಾಡುವಷ್ಟು ಆಸಕ್ತಿ ತೋರಿದ ಮೇಲೆ ಕೈಬಿಟ್ಟರು ಎಂಬುದು ಗಮನಿಸಬೇಕಾದ್ದು. ಇಂಥ ಕಡೆ ತಣ್ಣನೆಯ ಹೊಗಳಿಕೆ ಟೀಕೆಗಿಂತ ಕೆಟ್ಟದ್ದು.

ಸೆಮಿನಾರ್ ಪ್ರಾಧ್ಯಾಪಕಿ ತಾವಾಗಿ ಎರಡು ಕರೆ ಮಾಡಿದರು, ಎರಡೂ ಜೂನ್ 10ರ ಮಧ್ಯಾಹ್ನದ ನಂತರ. ಮೇ ತಿಂಗಳಲ್ಲೇ ಒಂದು ಮಾತು ಹಾಕಿಬಿಡಿ ಎಂದು ಕೇಳುವ ವಿದ್ಯಾರ್ಥಿಗಳಿದ್ದಾರೆ. ಯೋಜನೆ ಪಾಲಿಸುವ ನ್ಯಾಯಾಧೀಶರಿಗೆ ಅದು ಮುಜುಗರ. ಅಭ್ಯರ್ಥಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚು. 46 ಮಂದಿಗೂ ಕರೆ ಮಾಡಿಸುವುದೂ ಆಗದ ಮಾತು. ಯಾರಿಗೆ ಕರೆ ಮಾಡಿದರೆ ಬೆಲೆ ಇರುತ್ತದೆ ಎಂಬುದನ್ನು ಶಿಫಾರಸುದಾರರೇ ತೀರ್ಮಾನಿಸಲಿ. ಅದೇ ನ್ಯಾಯಾಧೀಶರಿಗೆ ಅವರು ಬೇರೆ ವಿದ್ಯಾರ್ಥಿಯನ್ನೂ ಶಿಫಾರಸು ಮಾಡುತ್ತಿದ್ದಾರೆಯೇ ಎಂದು ನೇರವಾಗಿ ಕೇಳುವುದರಲ್ಲಿ ತಪ್ಪಿಲ್ಲ.

ಆ ಎರಡರಲ್ಲಿ ಒಂದು ಕರೆ ಫಲಿಸಿತು. ಜೂನ್ 13ರಂದು ಒಬ್ಬ ಜಿಲ್ಲಾ ನ್ಯಾಯಾಧೀಶರು ವಿಡಿಯೊ ಮೂಲಕ ಸಂದರ್ಶನ ಮಾಡಿದರು. ಮುಕ್ಕಾಲು ಪಾಲು ಮಾತು ಆ ರದ್ದಾದ ತೀರ್ಪಿನ ಸುತ್ತಲೇ: ಹೇಗೆ ಗೊತ್ತಾಯಿತು, ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲವಲ್ಲ, ಹೊಸ ಆಧಾರ ಎಷ್ಟು ಗಟ್ಟಿ. ಪತ್ರದಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿರಲಿಲ್ಲ, ಆದರೆ ತನ್ನ ಟಿಪ್ಪಣಿಯಲ್ಲಿ ಆ ಪ್ರಸಂಗ ಬರೆದುಕೊಟ್ಟಿದ್ದರಿಂದ ಪ್ರಶ್ನೆ ಬರಬಹುದೆಂದು ಪ್ರಬಂಧವನ್ನು ಮತ್ತೆ ಓದಿಕೊಂಡಿದ್ದಳು. ಮರುದಿನ ಕೆಲಸದ ಆಹ್ವಾನ ಬಂತು. 24 ಗಂಟೆ ಕಾಯುವ ಹಕ್ಕಿದ್ದರೂ ಮೂರು ಗಂಟೆಯೊಳಗೆ ಒಪ್ಪಿಕೊಂಡಳು.

ಒಪ್ಪಿದ ತಕ್ಷಣದ ಕೆಲಸಗಳಲ್ಲಿ ಕ್ರಮವಿದೆ. ಮೊದಲು ಗೊತ್ತಾಗಿದ್ದ ಇನ್ನೆರಡು ಸಂದರ್ಶನಗಳ ಚೇಂಬರ್‌ಗಳಿಗೆ ಫೋನ್. ನಂತರ ಆಸ್ಕರ್‌ನಲ್ಲಿ ಉಳಿದ ಅರ್ಜಿಗಳ ಹಿಂಪಡೆತ, ಇಮೇಲ್ ಮತ್ತು ಅಂಚೆಯ ಚೇಂಬರ್‌ಗಳಿಗೆ ಎರಡು ಸಾಲಿನ ಸಂದೇಶ. ಅದೇ ದಿನ ಎಲ್ಲ ಶಿಫಾರಸುದಾರರಿಗೂ, ಅಪ್‌ಲೋಡ್ ಮಾಡಿದ ಸಹಾಯಕಿಗೂ, ಪಾಲುದಾರರಿಗೂ ಸುದ್ದಿ. ಹಿಂಪಡೆಯುವುದನ್ನು ತಡಮಾಡಿದರೆ ಬೇರೆ ಚೇಂಬರ್‌ನವರು ಶಿಫಾರಸುದಾರರಿಗೆ ಫೋನ್ ಮಾಡಿ, “ಅವಳಿಗೆ ಆಗಲೇ ಕೆಲಸ ಸಿಕ್ಕಿದೆಯಂತಲ್ಲ?” ಎಂದು ಅವರನ್ನೇ ಮುಜುಗರಕ್ಕೆ ಸಿಲುಕಿಸುತ್ತಾರೆ. ಅದೇ ಪ್ರಾಧ್ಯಾಪಕರು ಮುಂದಿನ ವರ್ಷವೂ ಅದೇ ನ್ಯಾಯಾಧೀಶರಿಗೆ ಬೇರೆ ವಿದ್ಯಾರ್ಥಿಗಳ ಪರವಾಗಿ ಬರೆಯಬೇಕಾಗಿರುತ್ತದೆ.

ಜಿಲ್ಲಾ ನ್ಯಾಯಾಲಯದ ನಂತರ ಮೇಲ್ಮನವಿ ನ್ಯಾಯಾಲಯದಲ್ಲಿ ಇನ್ನೊಂದು ವರ್ಷ ಕ್ಲರ್ಕ್ ಆಗುವ ಆಲೋಚನೆ ಅವಳಿಗಿದೆ. ಯೋಜನೆಯ ಜೂನ್ ಗಡುವು ವಿದ್ಯಾರ್ಥಿಗಳಿಗೆ ಮಾತ್ರ; ಪದವೀಧರರನ್ನು ನ್ಯಾಯಾಧೀಶರು ವರ್ಷದ ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು. ಆಗ ಈ ಪತ್ರಗಳನ್ನೇ ಹಳೆಯ ದಿನಾಂಕದೊಂದಿಗೆ ಮತ್ತೆ ಬಳಸುವಂತಿಲ್ಲ. ಸೆಮಿನಾರ್ ಪ್ರಾಧ್ಯಾಪಕಿಯದು ಹೊಸ ದಿನಾಂಕ ಮತ್ತು ಒಂದೆರಡು ಹೊಸ ಸಾಲಿನೊಂದಿಗೆ ನಡೆಯುತ್ತದೆ, ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರದ್ದೂ ಹಾಗೆಯೇ. ಹಿರಿಯ ಪ್ರಾಧ್ಯಾಪಕರ ಜಾಗಕ್ಕೆ ಮೂರನೇ ವರ್ಷದಲ್ಲಿ ಇನ್ನೊಂದು ಸಣ್ಣ ಸೆಮಿನಾರ್ ಅಥವಾ ಸಂಶೋಧನಾ ಸಹಾಯಕಿಯ ಕೆಲಸ ಹುಡುಕಿಕೊಳ್ಳುವುದು ಒಳ್ಳೆಯದು. ತಾನು ಕ್ಲರ್ಕ್ ಆಗಲಿರುವ ನ್ಯಾಯಾಧೀಶರನ್ನು ಕೆಲಸಕ್ಕೆ ಸೇರಿದ ಮೊದಲ ವಾರವೇ ಕೇಳಬಾರದು. ಒಂದೆರಡು ಕರಡು ತೀರ್ಪುಗಳನ್ನು ಅವರು ತಿದ್ದಿ ಮುಗಿಸುವವರೆಗಾದರೂ ಕಾಯಬೇಕು, ಮುಂದಿನ ಕ್ಲರ್ಕ್‌ಶಿಪ್‌ಗೆ ಅರ್ಜಿ ಹಾಕುವ ವಿಚಾರವನ್ನು ಬೇರೆಯವರಿಗಿಂತ ಮೊದಲು ಅವರಿಗೇ ತಿಳಿಸಬೇಕು.